ತಿರಸ್ಕೃತ ಹಾಜರಿ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಸೈಟ್ ಎಂಜಿನಿಯರ್ ಠಾಣೆಗೆ ಬಂದು ದೂರು ಕೊಟ್ಟರು. ಕಟ್ಟುತ್ತಿರುವ ಕಚೇರಿಯ ಮುಂದಿನ ಹಾಲ್‌ನಲ್ಲಿ ಹೊಸದಾಗಿ ಹಾಸಿದ್ದ ಟೈಲ್ಸ್ ಅನ್ನು ಯಾರೋ ಸುತ್ತಿಗೆಯಿಂದ ಒಡೆದಿದ್ದರು. 6.30ರ ಸುತ್ತಿನಲ್ಲಿ ನೆಲ ಸರಿಯಿತ್ತು, ಆಮೇಲೆ ಹಿಂದುಗಡೆ ನೀರಿನ ಪಂಪ್ ಹಾಕಿ ಅಲ್ಲೇ ಇದ್ದುದರಿಂದ ಏನೂ ಕಾಣಲಿಲ್ಲ, ಕೇಳಿಸಲೂ ಇಲ್ಲ ಎಂದು ಕಾವಲುಗಾರ ಹೇಳಿದ್ದ.

"ಏಳಕ್ಕೆ ಮುಂಚೆ ಹಾಜರಿ ಬಿದ್ದಿರೋದು ಒಬ್ಬಳದೇ ಸಾರ್. ಆ ನೆಲ ಹಾಕಿದ ಮೇಸ್ತ್ರಿದು," ಎಂದರು ಎಂಜಿನಿಯರ್.

ಆ ಕಂಪನಿಯಲ್ಲಿ ಎಲ್ಲರೂ ಫೋನಿನಲ್ಲೇ ಹಾಜರಿ ಒತ್ತಬೇಕು. ತಮ್ಮ ಸೈಟಿನ ನೂರು ಮೀಟರ್ ಒಳಗಿದ್ದರೆ ಮಾತ್ರ ಅದು ದಾಖಲಾಗುತ್ತದೆ.

"ತಾನೇ ಹಾಕಿದ್ದನ್ನ ತಾನೇ ಯಾಕ್ರೀ ಒಡೀತಾಳೆ?" ಇನ್‌ಸ್ಪೆಕ್ಟರ್ ಕೇಳಿದರು.

"ಲೆವೆಲ್ ತಪ್ಪಿರಬಹುದು. ಮುಚ್ಚಿಹಾಕೋಕೆ."

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಸ್ಥಳದಲ್ಲಿ ಪಂಚನಾಮೆ. ಒಡೆದ ಟೈಲ್ಸ್ ಮೂವತ್ತೆಂಟು. ಉಳಿದವುಗಳ ಮೇಲೆ ದಫೇದಾರರು ಮಟ್ಟ ನೋಡುವ ಲೆವೆಲ್ ಪಟ್ಟಿ ಇಟ್ಟು ನೋಡಿದರು. ಎಲ್ಲಿಟ್ಟರೂ ಅದರ ಗುಳ್ಳೆ ನಟ್ಟನಡುವೆ ನಿಂತಿತು; ನೆಲ ಸಮವಾಗಿತ್ತು. ಎಂಜಿನಿಯರ್ ಬೇರೆ ಕಡೆ ನೋಡಿದರು.

ಮೇಸ್ತ್ರಿ ಸಿಮೆಂಟ್ ಮೂಟೆಯ ಮೇಲೆ ಕುಳಿತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು.

"ಎಷ್ಟೊತ್ತಿಗೆ ಬಂದ್ರಿ?"

"ಆರು ಐವತ್ತೆಂಟಕ್ಕೆ. ಬಂದಾಗಲೇ ಹೀಗಾಗಿತ್ತು."

"ಯಾರ ಮೇಲಾದ್ರೂ ಅನುಮಾನ?"

ಅವಳು ಒಂದು ಚೂರನ್ನು ಕೈಗೆತ್ತಿಕೊಂಡಳು. "ಎಲ್ಲಾನೂ ಮೂಲೆಗೇ ಹೊಡೆದಿದಾರೆ. ಟೈಲ್ಸ್ ಸುಲಭವಾಗಿ ಒಡೆಯೋದು ಅಲ್ಲೇ. ಕೆಲಸ ಗೊತ್ತಿರೋರು ಸಾರ್."

"ಅಂದ್ರೆ ಯಾರು?"

"ಗೊತ್ತಿಲ್ಲ." ಅವಳು ಚೂರನ್ನು ಬೋರಲಾಗಿ ಕೆಳಗಿಟ್ಟಳು.

ಅವಳ ಗಂಡನೂ ಅದೇ ಕಂಪನಿಯಲ್ಲಿ ಟೈಲ್ಸ್ ಮೇಸ್ತ್ರಿ. ನಾಲ್ಕು ಕಿಲೋಮೀಟರ್ ಆಚೆಯ ಇನ್ನೊಂದು ಸೈಟಿನಲ್ಲಿ ಕೆಲಸ. ದಿನಾ ಏಳರೊಳಗೆ ಹಾಜರಿ ಒತ್ತುತ್ತಿದ್ದವನದು ಮಂಗಳವಾರ ಮಾತ್ರ 7.31 ಎಂದಿತ್ತು. ಇನ್‌ಸ್ಪೆಕ್ಟರ್ ಕಂಪನಿಯ ಮುಖ್ಯ ಕಚೇರಿಗೆ ಫೋನ್ ಮಾಡಿದರು. "ದಾಖಲಾದ ಹಾಜರಿ ಸಾಲದು. ದಾಖಲಾಗದೆ ತಿರಸ್ಕೃತ ಆಗಿದ್ದನ್ನೂ ಕಳಿಸಿ."

ಬುಧವಾರ ಮಧ್ಯಾಹ್ನ 3.20ಕ್ಕೆ ಪಟ್ಟಿ ಬಂತು. ಮಂಗಳವಾರ 6.47ಕ್ಕೆ ಗಂಡನ ಫೋನಿನಿಂದ ಒಂದು ಪ್ರಯತ್ನ; ತಿರಸ್ಕೃತ; ಅವನ ಸೈಟಿನಿಂದ ದೂರ 3.9 ಕಿ.ಮೀ. ನಕ್ಷೆಯಲ್ಲಿ ಆ ಗುರುತು ಬಿದ್ದಿದ್ದು ಹೆಂಡತಿ ನೆಲ ಹಾಸಿದ ಕಟ್ಟಡದ ಮೇಲೆ. ದಿನಾ 6.45ಕ್ಕೆ ಹಾಜರಿ ನೆನಪಿಸಿ ಫೋನ್ ಗುಂಯ್‌ಗುಟ್ಟುತ್ತಿತ್ತು. ಅಭ್ಯಾಸಬಲದಿಂದ ಅವನ ಹೆಬ್ಬೆರಳು ಒತ್ತಿಬಿಟ್ಟಿತ್ತು.

4.45ಕ್ಕೆ ಅವನ ಸೈಟಿನಲ್ಲೇ ವಿಚಾರಣೆ ನಡೆಯಿತು.

"ನಿನ್ನೆ ಯಾಕೆ ತಡ?"

"ಹಲ್ಲುನೋವು ಸಾರ್."

"ಆರು ನಲವತ್ತೇಳಕ್ಕೆ ಎಲ್ಲಿದ್ದೆ?"

"ಮನೇಲಿ."

ಇನ್‌ಸ್ಪೆಕ್ಟರ್ ಪಟ್ಟಿಯನ್ನು ಅವನ ಮುಂದೆ ಹಿಡಿದರು. ಅವನು ಎರಡು ಸಲ ಓದಿಕೊಂಡು ಅಲ್ಲೇ ಕುಕ್ಕರಿಸಿದ.

"ಹೆಂಡ್ತಿ ನಡತೆ ಮೇಲೆ ಅನುಮಾನವೇನಯ್ಯಾ?" ದಫೇದಾರರು ಕೇಳಿದರು.

"ಛೆ, ಹಾಗನ್ಬೇಡಿ. ಅವಳು ಚಿನ್ನದಂಥೋಳು."

"ಮತ್ತೇನು?"

"ಕರಣೆ ಹಿಡಿಯೋದು ಕಲಿಸಿದ್ದೇ ನಾನು. ಎಂಟು ವರ್ಷ ನನಗೆ ಸಿಮೆಂಟ್ ಕಲಸಿಕೊಟ್ಟೋಳು. ಹೋದ ವಾರ ಈ ಸೈಟಿನ ಎಂಜಿನಿಯರ್ ಎಲ್ಲರೆದುರು ನನಗೆ, 'ಹೋಗಿ ಹೆಂಡ್ತಿ ಹತ್ರ ಕಲಿ' ಅಂದ್ರು. ಭಾನುವಾರ ಹೋಗಿ ನೋಡ್ದೆ. ಮೊಣಕಾಲೂರಿ ಒಂದೊಂದು ಸಂದೂ ನೋಡ್ದೆ. ತಪ್ಪು ಹುಡುಕ್ದೆ ಸಾರ್. ಒಂದೂ ಸಿಗ್ಲಿಲ್ಲ."

"ಅಪವಾದ ಅವಳ ಮೇಲೇ ಬಂತಲ್ಲ?"

ಅವನು ಉಗುರಿಗೆ ಅಂಟಿದ್ದ ಸಿಮೆಂಟ್ ಕೆರೆಯತೊಡಗಿದ. 5.10ಕ್ಕೆ ಅವನನ್ನು ಬಂಧಿಸಲಾಯಿತು. ಕೃತ್ಯದ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ 'ಅಸೂಯೆ' ಎಂದಷ್ಟೇ ಬರೆದರು.

ಗುರುವಾರ ಬೆಳಿಗ್ಗೆ ನ್ಯಾಯಾಲಯಕ್ಕೆ ಹೊರಡಿಸುವಾಗ ಅವನು ದಫೇದಾರರನ್ನು ಮೆಲ್ಲಗೆ ಕೇಳಿದ: "ನೆಲ ಮತ್ತೆ ಹಾಕ್ತಿದಾರಾ?"

"ನಿನ್ನ ಹೆಂಡ್ತೀನೇ ಹಾಕ್ತಿದಾರೆ."

"ಒಬ್ಬಳೇನಾ?"

"ಇಲ್ಲಪ್ಪ. ಬೇಗ ಮುಗೀಲಿ ಅಂತ ಅವರ ಕೈಕೆಳಗೆ ನಾಲ್ಕು ಜನ ಕೊಟ್ಟಿದಾರೆ."

ಅವನು ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟ.

"ನನಗೆ ಯಾವತ್ತೂ ಇಬ್ಬರಿಗಿಂತ ಹೆಚ್ಚು ಕೊಡ್ಲಿಲ್ಲ," ಎಂದ.