ಹದಿನೇಳು ಇಂಚಿನ ಸುಳ್ಳು

ನಮ್ಮ ವರ್ಕ್‌ಶಾಪಿನ ಗೇಟಿನ ಮುಂದೆ ಒಂದು ಹಂಪ್ ಇದೆ. ಅದನ್ನು ದಾಟುವ ಸದ್ದು ಕೇಳಿದರೆ ಸಾಕು, ತಲೆ ಎತ್ತದೆಯೇ ಕಾರಿನ ಜಾತಕ ಹೇಳಿಬಿಡುತ್ತೇನೆ. ಸಸ್ಪೆನ್ಷನ್, ಅಂದರೆ ಗಾಡಿಯ ಕುಲುಕಾಟ ತಡೆಯುವುದು, ನನ್ನ ಕೆಲಸ. ಹನ್ನೆರಡು ವರ್ಷದಿಂದ ದೊಡ್ಡಪ್ಪನ ಜೊತೆ ಇದೇ ಗ್ರೀಸು, ಇದೇ ಜ್ಯಾಕು.

ಆ ದಿನ ‘ಧಡ್’ ಎಂದಿತು. ಬಿಳಿ ಸೆಡಾನು. ಇಳಿದವರು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಅಂಗಿಯ ತೋಳಿನ ಮೇಲೆ ಚಾಕ್‌ಪೀಸಿನ ಪುಡಿ.

“ಸೆಕೆಂಡ್ ಹ್ಯಾಂಡ್ ತಗೊಂಡೆ. ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿದೆ, ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ದೂರ ಕರ್ಕೊಂಡು ಹೋಗ್ಬೇಕು. ಒಂದೊಂದು ಗುಂಡಿಗೂ ಅಯ್ಯೋ ಅಂತಾರೆ. ಮೆಕ್ಯಾನಿಕ್ ಎಲ್ಲಿ?”

“ಎದುರಿಗೇ ನಿಂತಿದೀನಲ್ಲ. ಮೀಸೆ ಬೇಕಿತ್ತಾ?”

ಅವರು ನಕ್ಕರು. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಂಡಿತು. ಕೈಯಲ್ಲಿದ್ದ ಸ್ಪ್ಯಾನರ್ ಯಾವ ನಂಬರಿನದೆಂದು ನನಗೇ ಮರೆತುಹೋಯಿತು.

ಚಕ್ರ ನೋಡಿದೊಡನೆ ರೋಗ ಗೊತ್ತಾಯಿತು. ಹದಿನೈದು ಇಂಚಿನ ರಿಮ್ ಇರಬೇಕಾದ ಕಾರಿಗೆ ಹಿಂದಿನ ಮಾಲೀಕ ಶೋಕಿಗೆ ಹದಿನೇಳರದ್ದು ಹಾಕಿಸಿದ್ದ. ರಿಮ್ ದೊಡ್ಡದಾದರೆ ಟೈರು ತೆಳ್ಳಗಾಗುತ್ತದೆ. ಗುಂಡಿಯ ಪೆಟ್ಟು ನುಂಗುವ ಗಾಳಿಗೆ ಜಾಗವೇ ಉಳಿಯುವುದಿಲ್ಲ. ರಿಮ್ಮು, ಟೈರು ಬದಲಿಸಿ ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಆಯಿತು. ಒಂದು ದಿನದ ಕೆಲಸ.

ಆದರೆ ಒಂದೇ ದಿನಕ್ಕೆ ಮುಗಿದರೆ ಈ ಮನುಷ್ಯ ಮತ್ತೆ ಯಾಕೆ ಬರುತ್ತಾರೆ?

“ಮೊದಲು ಗಾಳಿ ಸ್ವಲ್ಪ ಕಮ್ಮಿ ಮಾಡಿ ನೋಡೋಣ. ಮುಂದಿನ ವಾರ ಬನ್ನಿ,” ಎಂದೆ.

ಬಂದರು. ಚಕ್ರದ ಜೋಡಣೆಯ ಸವೆದ ರಬ್ಬರ್ ಬುಷ್ ಬದಲಿಸಿದೆ. ಮತ್ತೆ ಬಂದರು. ಮುಂದಿನ ಎರಡು ಶಾಕ್ ಮಾತ್ರ ಹಾಕಿ, ಹಿಂದಿನವನ್ನು ಬೇಕೆಂದೇ ಉಳಿಸಿಕೊಂಡೆ. ಪ್ರತಿ ಸಲ ಅವರು ಕಾರು ಓಡಿಸುವುದು, ಅವರ ಅಮ್ಮ ಕೂರುವ ಹಿಂದಿನ ಸೀಟಿನಲ್ಲಿ ನಾನು ನೀರು ತುಂಬಿದ ಲೋಟ ಹಿಡಿದು ಕೂರುವುದು. ಅದೇ ನನ್ನ ಮೀಟರು. ಚೆಲ್ಲಿದಷ್ಟು ಕೆಲಸ ಬಾಕಿ.

“ಎಷ್ಟು ಚೆಲ್ತು?” ಕನ್ನಡಿಯಲ್ಲಿ ಅವರ ಕಣ್ಣು.

“ಅರ್ಧ ಲೋಟ. ರಸ್ತೆ ನೋಡಿ ಮೇಷ್ಟ್ರೇ, ನನ್ನನ್ನಲ್ಲ.”

“ಲೋಟ ನೋಡ್ತಿದೀನಿ.”

“ಲೋಟ ನನ್ನ ಮುಖದಲ್ಲಿದೆಯಾ?”

ಅವರ ಕಿವಿ ಕೆಂಪಾಯಿತು. ಆ ಕಿವಿ ನೋಡುತ್ತ ಉಳಿದರ್ಧ ಲೋಟವನ್ನೂ ಮೈಮೇಲೆ ಚೆಲ್ಲಿಕೊಂಡೆ.

“ಏನಮ್ಮಾ, ಆ ಕಾರಿನ ಚಕ್ರ ಬದಲಾಯಿಸೋಕೆ ಮುಹೂರ್ತ ನೋಡ್ತಿದೀಯಾ?” ಎಂದು ದೊಡ್ಡಪ್ಪ ಕೇಳಿದ. “ನೀನು ಸುಮ್ನಿರು,” ಎಂದೆ. ಅವನು ನಗಲಿಲ್ಲ.

ಮೂರು ತಿಂಗಳು ಹೀಗೇ. ಆಮೇಲೆ ಎರಡು ವಾರ ಹಂಪಿನ ಮೇಲೆ ಆ ಸದ್ದೇ ಇಲ್ಲ. ಮೂರನೆಯ ಸೋಮವಾರ ಬಂದವರು ಕಾರಿನಿಂದ ಇಳಿಯದೆಯೇ ಹೇಳಿದರು.

“ಅಮ್ಮ ಕಾರು ಹತ್ತೋದೇ ಇಲ್ಲ ಅಂತ ಹಟ ಹಿಡಿದಿದಾರೆ. ಹೋದ ಸಲ ದಾರೀಲೇ ಅತ್ತುಬಿಟ್ರು. ಅಕ್ಕನ ಊರಲ್ಲಿ ಮನೆ ಪಕ್ಕದಲ್ಲೇ ಆಸ್ಪತ್ರೆ ಇದೆ. ನಾನು ಟ್ರಾನ್ಸ್‌ಫರ್ ತಗೊಂಡೆ. ಎಲ್ಲ ಕಟ್ಕೊಂಡು ಅಲ್ಲಿಗೇ ಹೋಗ್ತಿದೀವಿ. ಒಂಬತ್ತು ಗಂಟೆ ದಾರಿ. ಅಮ್ಮ ತಡ್ಕೊಳ್ಳೋ ಹಾಗೆ ಮಾಡಿಕೊಡ್ತೀರಾ?”

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ; ಅದು ಮೊದಲು ಬಿದ್ದದ್ದು ಆ ತಾಯಿಯ ಬೆನ್ನಿಗೆ.

ಅವತ್ತೇ ಎಲ್ಲ ಮಾಡಿದೆ. ಹದಿನೈದರ ರಿಮ್ಮು, ದಪ್ಪ ಟೈರು, ಹಿಂದಿನ ಶಾಕ್. ಸಂಜೆ ಲೋಟ ಹಿಡಿದು ಕೂತೆ. ಅದೇ ರಸ್ತೆ, ಅದೇ ಗುಂಡಿಗಳು. ಒಂದು ಹನಿಯೂ ಚೆಲ್ಲಲಿಲ್ಲ.

“ಗಾಡಿ ಪಕ್ಕಕ್ಕೆ ಹಾಕಿ ಮೇಷ್ಟ್ರೇ.”

ನಿಲ್ಲಿಸಿದರು.

“ಇದು ಮೊದಲ ದಿನವೇ ಗೊತ್ತಿತ್ತು ನಂಗೆ. ಸರಿ ಮಾಡಿಬಿಟ್ರೆ ನೀವು ಬರಲ್ವಲ್ಲ ಅಂತ ಬೇಕೂಂತಲೇ ಕೆಲಸ ಎಳೆದೆ. ನೀವಂದ್ರೆ ನಂಗೆ ಪ್ರಾಣ. ತಪ್ಪು ಮಾಡಿದೆ.”

ಅವರು ಎಂಜಿನ್ ಆಫ್ ಮಾಡಿದರು. ಕನ್ನಡಿ ನೋಡಲಿಲ್ಲ.

“ಮೊದಲ ದಿನವೇ ಸರಿ ಮಾಡಿದ್ರೂ ಬರ್ತಿದ್ದೆ ಕಣ್ರೀ,” ಎಂದರು. “ಹಾರ್ನ್ ಸರಿ ಇಲ್ಲ, ವೈಪರ್ ಸರಿ ಇಲ್ಲ... ಏನಾದ್ರೂ ನೆಪ ಹೇಳ್ಕೊಂಡು ಬಂದೇ ಬರ್ತಿದ್ದೆ.”

“ಈಗ?”

“ಈಗ ಸ್ಕೂಲಲ್ಲಿ ನನ್ನ ಜಾಗಕ್ಕೆ ಬೇರೆ ಮೇಷ್ಟ್ರು ಬಂದಾಯ್ತು. ಅದಿರಲಿ ಬಿಡಿ... ನಿಮ್ಮ ಮುಖ ನೋಡಿದ್ರೆ ಇನ್ಮೇಲೆ ಅಮ್ಮ ಅತ್ತಿದ್ದೇ ಕಿವಿಯಲ್ಲಿ ಕೇಳುತ್ತೆ. ಏನು ಮಾಡ್ಲಿ ಹೇಳಿ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನ ಬೆಳಿಗ್ಗೆ, ದೂರದ ಪ್ರಯಾಣವೆಂದು ಗಾಳಿ ನೋಡಿಸಲು ಬಂದರು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ ಅಮ್ಮ. ನಾನು ಬಗ್ಗಿ ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿದೆ, ನಿಧಾನವಾಗಿ. ಅಮ್ಮ ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಮುಟ್ಟಿದರು.

“ಈಗ ತೊಟ್ಟಿಲಲ್ಲಿ ಕೂತ ಹಾಗಿದೆ ಮಗಳೇ. ನಿನ್ನ ಹೊಟ್ಟೆ ತಣ್ಣಗಿರಲಿ.”

ಮಗ ಅಮ್ಮನಿಗೆ ಏನೂ ಹೇಳಿರಲಿಲ್ಲ. ಅಷ್ಟು ಮರ್ಯಾದೆ ನನಗೆ ಉಳಿಸಿದ್ದರು.

ಕಾರು ಹೊರಟಿತು. ನಾನು ತಿರುಗಿ ನಿಂತೆ; ಹೋಗುವುದನ್ನು ನೋಡುವ ಧೈರ್ಯವಿರಲಿಲ್ಲ. ಹಂಪ್ ದಾಟುವ ಸದ್ದಾದರೂ ಕೇಳೋಣವೆಂದು ಕಿವಿಗೊಟ್ಟೆ. ಕಾದೆ. ಕೊನೆಗೆ ತಿರುಗಿ ನೋಡಿದರೆ ರಸ್ತೆ ಖಾಲಿ.

ಅಷ್ಟು ಚೆನ್ನಾಗಿ ಮಾಡಿದ್ದೆ ಕೆಲಸ. ಸದ್ದೇ ಆಗಿರಲಿಲ್ಲ.