ಮೇಜಿನ ಮೇಲೆ ಉಳಿದ ಕೈ

ಮೊದಲ ದಿನವೇ ಅವನು ಕೈ ಎತ್ತಲಿಲ್ಲ.

ಸಾಬೂನು ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಒಂದು ಬಿಳಿ ಕೋಣೆ. ಅಲ್ಲಿ ಕೂತು ಮೂಸುವುದೇ ಐದು ಜನರ ಕೆಲಸ. ಹೊಸ ಸಾಬೂನಿನ ತುಂಡು ತಟ್ಟೆಯಲ್ಲಿ ಬರುತ್ತದೆ, ಎಲ್ಲರೂ ಮೂಸುತ್ತಾರೆ, ‘ಇದು ಆಗಬಹುದು’ ಎನ್ನುವವರು ಕೈ ಎತ್ತುತ್ತಾರೆ. ಮೇಜಿನ ತುದಿಯಲ್ಲಿ ಕೂರುವ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಆಕೆಯ ಕೈ ಮೇಲೇರಿದರೆ ಉಳಿದ ಕೈಗಳು ದಾರ ಕಟ್ಟಿ ಎಳೆದ ಹಾಗೆ ಮೇಲೇರುತ್ತಿದ್ದವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ದೊಡ್ಡಮ್ಮನಂತೂ ಪಾಪ, ಎಲ್ಲರಿಗೂ ತನ್ನಂಥದೇ ಮೂಗು ಬಂದಿದೆ ಎಂದು ಹೆಮ್ಮೆಪಡುತ್ತಿದ್ದರು.

ಹೊಸದಾಗಿ ಬಂದವನು ಮಾತ್ರ ಮೂಸಿ ನೋಡಿ, ಕೈಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡು ಕೂತ.

"ಯಾಕಪ್ಪಾ, ನೆಗಡಿನಾ?" ಎಂದರು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ, ಮೂಗು ಚೆನ್ನಾಗಿದೆ. ಸಾಬೂನೇ ಚೆನ್ನಾಗಿಲ್ಲ."

ಎಲ್ಲರೂ ನಕ್ಕರು. ಎಲ್ಲರೂ ನಕ್ಕರಲ್ಲ ಎಂದು ಅವನ ಎದುರಿಗೆ ಕೂತಿದ್ದ ಹುಡುಗಿಯೂ ನಕ್ಕಳು. ಸಂಜೆಯೊಳಗೆ ಅವನಿಗೆ ‘ಉಲ್ಟಾ’ ಎಂಬ ಹೆಸರು ಅಂಟಿಕೊಂಡಿತು.

ಅವಳಿಗೂ ಮನೆಯಲ್ಲಿ ಒಂದು ಅಡ್ಡಹೆಸರಿತ್ತು. ಹೂಂಗುಟ್ಟಿ. ಇಟ್ಟವಳು ಅಕ್ಕ. ಕಿಟಕಿಗೆ ನೀಲಿ ಪರದೆ ಹಾಕೋಣ ಎಂದು ಅಕ್ಕ ಹೇಳಿದರೆ ಹೂಂ, ಬೇಡ ಹಸಿರೇ ಇರಲಿ ಎಂದು ಅಮ್ಮ ಹೇಳಿದರೆ ಅದಕ್ಕೂ ಹೂಂ. "ನಿನಗೇನು ಬೇಕೇ?" ಎಂದು ಕೇಳಿದರೆ, "ನಿಮಗೆಲ್ಲ ಏನಿಷ್ಟವೋ ಅದೇ." ಎಲ್ಲರ ಜೊತೆ ಹೊಂದಿಕೊಂಡು ಹೋಗುವ ಹುಡುಗಿ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ತಾನೇ ಕಹಿ?

ಕೈ ಎತ್ತುವ ಮೊದಲು ಅವಳು ಓರೆಗಣ್ಣಿನಲ್ಲಿ ಒಮ್ಮೆ ದೊಡ್ಡಮ್ಮನ ಕಡೆ ನೋಡುತ್ತಿದ್ದಳು. ಯಾರಿಗೂ ಗೊತ್ತಾಗದ ಈ ಕಳ್ಳನೋಟವನ್ನು ಉಲ್ಟಾ ಒಂದೇ ವಾರದಲ್ಲಿ ಹಿಡಿದುಬಿಟ್ಟ. ಅವಳ ಕಣ್ಣು ದೊಡ್ಡಮ್ಮನತ್ತ ಹೊರಳುವುದನ್ನೇ ಕಾದು, ಹುಬ್ಬು ಹಾರಿಸಿ, ಗದ್ದದಿಂದ ಅವಳ ತಟ್ಟೆಯನ್ನು ತೋರಿಸಿದ. ಸಾಬೂನು ಇಲ್ಲಿದೆ, ಅಲ್ಲಲ್ಲ ಎನ್ನುವ ಹಾಗೆ. ಅವಳಿಗೆ ನಗುವೂ ಬಂತು, ಕೋಪವೂ ಬಂತು. ಕೋಪವನ್ನು ಮಾತ್ರ ತೋರಿಸಿದಳು.

ವಾಸನೆಗಳು ಒಂದರ ಮೇಲೊಂದು ಏರಿ ಮೂಗು ಮಂಕಾದಾಗ, ಹೊರಗಿನ ಕಾರಿಡಾರಿನ ಕಿಟಕಿ ಬಳಿ ನಿಂತು ತಮ್ಮ ತಮ್ಮ ಅಂಗಿಯ ತೋಳನ್ನೇ ಮೂಸುವುದು ಆ ಕೆಲಸದವರ ರೂಢಿ. ಸ್ವಂತ ಬಟ್ಟೆಯ ವಾಸನೆಗೆ ಮೂಗು ಮತ್ತೆ ತಿಳಿಯಾಗುತ್ತದಂತೆ. ಒಂದು ದಿನ ಅವಳ ತೋಳಿಗೆ ಅತ್ತರಿನ ಎಣ್ಣೆ ಚೆಲ್ಲಿತ್ತು.

"ನನ್ನ ತೋಳು ಕಡ ಕೊಡಲಾ?" ಎಂದ ಉಲ್ಟಾ.

"ಏನೂ ಬೇಡ."

"ಬೇಡ ಅನ್ನೋಕೂ ಬರುತ್ತಾ ನಿಮಗೆ! ಮತ್ತೆ ಒಳಗೆ ಯಾಕೆ ಬರಲ್ಲ?"

ಹಟಕ್ಕೆ ಬಿದ್ದು ಅವಳು ಬಗ್ಗಿ ಅವನ ತೋಳನ್ನು ಮೂಸಿದಳು. ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ. ಮೂಗು ತಿಳಿಯಾಗುವುದಿರಲಿ, ತಲೆಯೇ ಗಿರ್ರೆಂದಿತು. ಅವತ್ತಿನಿಂದ ಅವಳ ತೋಳಿಗೆ ಆಗಾಗ ಎಣ್ಣೆ ಚೆಲ್ಲತೊಡಗಿತು.

ಹೀಗಿರುವಾಗ ಮಲ್ಲಿಗೆ ಸಾಬೂನು ಬಂತು. ಮೂಸಿ ಎಲ್ಲರೂ ವಿರಾಮಕ್ಕೆ ಎದ್ದಾಗ ಅವಳು ಕಿಟಕಿ ಬಳಿ ಮೆಲ್ಲಗೆ, "ಹೂವಿನ ಹಿಂದೆ ಏನೋ ಕರಟಿದ ವಾಸನೆ ಇದೆ ಅಲ್ವಾ?" ಎಂದಳು.

ಅವನ ಮುಖ ಅರಳಿತು. "ನಿಮಗೂ ಬಂತಾ? ಎಲ್ಲರೂ ನಗೋದು ನೋಡಿ, ನನ್ನ ಮೂಗೇ ಕೆಟ್ಟಿದೆ ಅಂತ ನಾನೂ ನಂಬೋಕೆ ಶುರು ಮಾಡಿದ್ದೆ ಕಣ್ರೀ."

ಒಳಗೆ ಹೋದರು. ದೊಡ್ಡಮ್ಮನ ಕೈ ಏರಿತು, ಉಳಿದಿಬ್ಬರಾದ ಲ್ಯಾಬಿನವರದೂ ಸ್ಟೋರ್ಸ್ ಮೇಡಂದೂ ಏರಿದವು. ಉಲ್ಟಾ ಧೈರ್ಯವಾಗಿ, "ಇದರಲ್ಲಿ ಕರಟಿದ ವಾಸನೆ ಇದೆ. ನನಗೊಬ್ಬನಿಗೇ ಅಲ್ಲ, ಇವರಿಗೂ ಬಂದಿದೆ" ಎಂದ.

"ಹೌದೇನಮ್ಮಾ?" ಎಂದರು ದೊಡ್ಡಮ್ಮ.

ಎಲ್ಲ ಮುಖಗಳೂ ಅವಳತ್ತ ತಿರುಗಿದವು. "ಇಲ್ಲ... ನನಗೇನೂ ಬರಲಿಲ್ಲ," ಎಂದಳು. ಅವಳ ಕೈ ಅವಳನ್ನು ಕೇಳದೆಯೇ ಮೇಲೆದ್ದಿತ್ತು.

ಈ ಸಲ ನಗು ಜೋರಾಗಿತ್ತು. ದೊಡ್ಡಮ್ಮ ಮಾತ್ರ ನಗದೆ, ಅಕ್ಕರೆಯಿಂದಲೇ ಹೇಳಿದರು: "ನಿನಗೆ ಈ ಕೋಣೆ ಒಗ್ಗಲ್ಲ ಅನಿಸುತ್ತಪ್ಪಾ. ಇನ್ನೊಂದು ಸಾಬೂನು ನೋಡೋಣ. ಆಗಲೂ ಹೀಗೇ ಆದರೆ ಗೋದಾಮಿನ ಕೆಲಸಕ್ಕೆ ಹೋಗು." ಗೋದಾಮು ಊರಿನ ಇನ್ನೊಂದು ತುದಿಯಲ್ಲಿತ್ತು.

ಕಾರಿಡಾರಿನಲ್ಲಿ ಅವಳು ಅವನ ಹಿಂದೆಯೇ ಓಡಿದಳು. "ಕೋಪಾನಾ?"

"ಕೋಪ ಇಲ್ಲ," ಎಂದ ಅವನು ಕಿಟಕಿಯಾಚೆ ನೋಡುತ್ತ. "ಒಬ್ಬನೇ ಇರೋದು ನನಗೆ ರೂಢಿ. ಇಬ್ಬರಿದ್ದೀವಿ ಅಂದ್ಕೊಂಡು ಒಬ್ಬನೇ ಆಗೋದು ರೂಢಿ ಇಲ್ಲ."

ಅವತ್ತು ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ.

"ಏನಾಯ್ತೇ ಹೂಂಗುಟ್ಟಿ?" ಎಂದಳು ಅಕ್ಕ.

"ಒಬ್ಬರು ಇಷ್ಟ ಆಗಿದ್ದಾರೆ ಅಕ್ಕಾ. ನಮ್ಮ ಆಫೀಸಲ್ಲಿ ಯಾರನ್ನ ನೋಡಿ ಎಲ್ಲರೂ ನಗ್ತಾರೋ, ಅವರು."

ಅಕ್ಕ ತಟ್ಟೆ ಕೆಳಗಿಟ್ಟಳು. "ಎಲ್ಲರೂ ನೋಡಿ ನಗೋ ಅಂಥವರು ನಿನಗೆ ಹೇಗೇ ಇಷ್ಟ ಆದ್ರು?"

"ಅದೇ ನನಗೂ ಆಶ್ಚರ್ಯ," ಎಂದು ಅವಳು ಅತ್ತೇಬಿಟ್ಟಳು. ಅವರು ಗೋದಾಮಿಗೆ ಹೋದರೆ ನನ್ನಿಂದಲೇ ಹೋದ ಹಾಗೆ ಎಂದು ಅಕ್ಕನ ಸೆರಗು ಒದ್ದೆ ಮಾಡಿದಳು.

ಮುಂದಿನ ಸಾಬೂನು ಕಿತ್ತಳೆಯದು. ಇವತ್ತು ಅವನ ಕೈ ಎಲ್ಲಿರುತ್ತದೋ ನನ್ನದೂ ಅಲ್ಲೇ ಎಂದು ಗಟ್ಟಿ ಮನಸ್ಸು ಮಾಡಿಯೇ ಅವಳು ಬಂದಿದ್ದಳು. ಆದರೆ ತುಂಡನ್ನು ಮೂಗಿನ ಹತ್ತಿರ ಹಿಡಿದಾಗ, ಇದೂ ಅದೇ ಕಳ್ಳನೋಟ ಅಲ್ಲವೇ, ಮುಖ ಮಾತ್ರ ಬೇರೆ ಎನಿಸಿತು. ಕಣ್ಣು ಮುಚ್ಚಿಕೊಂಡಳು. ಕೈ ತಾನಾಗಿ ಏಳದಿರಲಿ ಎಂದು ಇನ್ನೊಂದು ಕೈಯಿಂದ ಅದನ್ನು ಮೇಜಿಗೆ ಒತ್ತಿ ಹಿಡಿದಳು. ಮೂಸಿದಳು. ಮೊದಲು ಸಿಹಿ, ಆಮೇಲೆ ಸಿಪ್ಪೆಯ ಕಹಿ, ಹೋಗದೆ ನಿಲ್ಲುವ ಕಹಿ. ಯಾರಿಗಾಗಿಯೂ ಅಲ್ಲ, ಅವಳಿಗೇ ಹಿಡಿಸಲಿಲ್ಲ.

ಅಂಗಿತೋಳುಗಳು ಸರಸರ ಸದ್ದು ಮಾಡಿದವು. ಕಣ್ಣು ಬಿಟ್ಟಳು. ನಾಲ್ಕು ಕೈಗಳು ಮೇಲಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ನೆಟ್ಟಗೆ ನಿಂತಿದ್ದುದು ಉಲ್ಟಾನದು!

ಅವಳ ಕೈಯೊಂದೇ ಮೇಜಿನ ಮೇಲೆ ಉಳಿದಿತ್ತು.

"ಏನಮ್ಮಾ, ನಿದ್ದೆ ಬಂತಾ?" ಎಂದರು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ. ನನಗೆ ಹಿಡಿಸಲಿಲ್ಲ. ಕಹಿ ಉಳಿಯುತ್ತೆ." ಅಲ್ಲಿಗೇ ನಿಲ್ಲಿಸಲಿಲ್ಲ. "ಅವತ್ತು ಕರಟಿದ ವಾಸನೆ ನನಗೂ ಬಂದಿತ್ತು. ಬರಲಿಲ್ಲ ಅಂದಿದ್ದು ಸುಳ್ಳು. ನಿಮ್ಮೆಲ್ಲರ ಮುಖ ನೋಡಿ ಹೆದರಿಕೊಂಡೆ."

ಯಾರೂ ನಗಲಿಲ್ಲ. ಸ್ಟೋರ್ಸ್ ಮೇಡಂ ಕೈ ನಿಧಾನವಾಗಿ ಕೆಳಗಿಳಿಯಿತು. "ನನಗೂ ಸ್ವಲ್ಪ ಕಹಿ ಅನಿಸ್ತು," ಎಂದರು. "ಅವತ್ತೂ ಕರಟಿದ ಹಾಗೆ ಅನಿಸಿತ್ತು."

ದೊಡ್ಡಮ್ಮ ಇನ್ನೂ ಮೇಲೆಯೇ ಇದ್ದ ತಮ್ಮ ಕೈಯನ್ನು ನೋಡಿಕೊಂಡರು. "ಅಂದರೆ, ಇಷ್ಟು ವರ್ಷ ನಾನೊಬ್ಬಳೇ ಮೂಸ್ತಾ ಇದ್ದೆನಾ?" ಆಮೇಲೆ ಅವರೇ ಸಾವರಿಸಿಕೊಂಡು, "ಎರಡೂ ಸಾಬೂನು ಮತ್ತೆ ತರಿಸಿ. ಇನ್ನು ಮೇಲೆ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಕೈ ಎತ್ತೋದು, ನಾನೂ ಕೂಡ" ಎಂದರು. ಉಲ್ಟಾನ ಕಡೆ ತಿರುಗಿ, "ಗೋದಾಮಿಗೆ ಬೇರೆ ಯಾರನ್ನಾದರೂ ಹುಡುಕಲಿ. ನೀನು ಇಲ್ಲೇ ಬಿದ್ದಿರಪ್ಪಾ" ಎಂದರು.

ಕಾರಿಡಾರಿನಲ್ಲಿ ಅವಳು ಅವನ ಮೇಲೆ ಹರಿಹಾಯ್ದಳು. "ಒಬ್ಬಳನ್ನೇ ಬಿಟ್ಟುಬಿಟ್ರಲ್ಲ! ಗೋದಾಮಿಗೆ ಹೆದರಿ ಕೈ ಎತ್ತಿದ್ರಾ?"

"ನಿಜವಾಗ್ಲೂ ನನಗೆ ಅದು ಇಷ್ಟ ಆಯ್ತು ಕಣ್ರೀ, ಏನು ಮಾಡ್ಲಿ?" ಎಂದ ಅವನು. "ನಿಮ್ಮ ಮುಖ ನೋಡಿದ್ಮೇಲೆ ಕೈ ಇಳಿಸಿಬಿಡೋಣ ಅಂತ ತುಂಬಾ ಅನಿಸ್ತು. ನನಗೆ ಹಾಗೆ ಯಾವತ್ತೂ ಅನಿಸಿರಲಿಲ್ಲ. ಆದರೆ ಇಳಿಸಿದ್ರೆ ನೀವು ಒಬ್ಬರೇ ನಿಂತು ಹೇಳಿದ ಮಾತನ್ನ ನಾನು ಕಿತ್ಕೊಂಡ ಹಾಗೆ ಆಗ್ತಿತ್ತು."

ಅವನು ಅವಳ ಕಡೆ ತಿರುಗಿ ನಿಂತ.

"ಇನ್ನೊಂದು ಕೇಳಬೇಕು. ನಾನು ನಿಮಗೆ ಆಗಬಹುದಾ? ನಿಮ್ಮ ಅಮ್ಮ, ಅಕ್ಕ, ದೊಡ್ಡಮ್ಮ, ಯಾರ ಮುಖಾನೂ ನೋಡಬೇಡಿ. ಕಣ್ಣು ಮುಚ್ಚಿಕೊಂಡು ಹೇಳಿ."

"ಇದನ್ನ ಕಣ್ಣು ಮುಚ್ಚಿಕೊಂಡು ಹೇಳಲ್ಲ," ಎಂದಳು ಅವಳು.

ಅವನ ಮುಖ ಬಾಡಿತು. ಅವಳು ಇನ್ನಷ್ಟು ಹತ್ತಿರ ಬಂದು ನಿಂತಳು, ಬಿಸಿಲ ವಾಸನೆಯ ಆ ತೋಳು ತಾಗುವಷ್ಟು. ಓರೆಗಣ್ಣಿನಲ್ಲಲ್ಲ, ನೇರವಾಗಿ ಅವನ ಮುಖವನ್ನೇ ನೋಡುತ್ತ, ನಗುತ್ತ, ಕೈ ಎತ್ತಿದಳು.