ಲಾಂಚಿನಲ್ಲಿ ನಿದ್ದೆ ಹೋದವಳು

"ಅಮ್ಮಾ, ದಡ ಬಂದು ಬಹಳ ಹೊತ್ತಾಯ್ತು."

ಅಕೆನೆಸೆ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಒಂದು ಜೊತೆ ರಬ್ಬರ್ ಬೂಟು. ಅದರ ಮೇಲೆ ಮಾಸಿದ ನೀಲಿ ಚಡ್ಡಿ, ಗ್ರೀಸು ಮೆತ್ತಿದ ಎರಡು ಕೈ, ಇನ್ನೂ ಮೇಲೆ ನಗುವನ್ನು ಕಷ್ಟಪಟ್ಟು ತಡೆಹಿಡಿದ ಒಂದು ಮುಖ. ಮೀಸೆ ಅರ್ಧ ನರೆತಿತ್ತು, ಉಳಿದರ್ಧ ಇನ್ನೂ ಮನಸ್ಸು ಮಾಡಿರಲಿಲ್ಲ.

ಅವಳು ಧಡಕ್ಕನೆ ಎದ್ದು ಕುಳಿತಳು. ಬೆಂಚುಗಳ ನಡುವೆ ಚಾಪೆ ಬಿಡಿಸಿ ಮಲಗಿದ್ದ ಅಷ್ಟು ಜನರಲ್ಲಿ ಒಬ್ಬರೂ ಇರಲಿಲ್ಲ. ಕೆಳಗೆ ನಿಂತಿದ್ದ ಬಸ್ಸು, ಲಾರಿಗಳೆಲ್ಲ ಇಳಿದು ಹೋಗಿದ್ದವು. ಅವಳ ಎದೆ ಹೊಡೆದುಕೊಳ್ಳತೊಡಗಿತು. ಬಸ್ಸು ತಪ್ಪಿತೆಂದಲ್ಲ. ನಿದ್ದೆ ಬಂದಿತ್ತಲ್ಲ, ಅದಕ್ಕೆ.

"ಎಬ್ಬಿಸ್ಬಾರ್ದಿತ್ತಾ?" ಎಂದು ರೇಗಿದಳು.

"ಎಬ್ಬಿಸೋಕೇ ಬಂದೆ. ಗೊರಕೆ ಕೇಳಿ ಹೆದ್ರಿ ವಾಪಸ್ ಹೋದೆ."

"ನಾನು ಗೊರಕೆ ಹೊಡೆಯೋಳಲ್ಲ."

"ಹಂಗಾದ್ರೆ ಇಂಜಿನ್ ಸದ್ದಿರ್ಬೇಕು." ಅವನು ಗಂಭೀರವಾಗಿ ತಲೆಯಾಡಿಸಿದ. "ಆದ್ರೆ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಆಗಿತ್ತು."

ಅವಳಿಗೆ ನಗು ಬಂತು. ಬಂದ ನಗುವನ್ನು ಅಲ್ಲೇ ನುಂಗಿ, ಚಾಪೆ ಸುತ್ತಲು ಬಗ್ಗಿದಳು. ತಲೆಯಿಟ್ಟಿದ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟೊಂದು ನಾಲ್ಕು ಮಡಿಕೆಯಾಗಿ ಕೂತಿತ್ತು. ಅದನ್ನು ಅವಳು ತಂದಿರಲಿಲ್ಲ. ತಲೆಯೆತ್ತಿ ನೋಡಿದಳು. ಅವನು ಆಗಲೇ ಬೇರೆ ಕಡೆ ತಿರುಗಿದ್ದ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು.

"ಪೆತೆಲೊ, ಹಗ್ಗ!" ಎಂದು ದಡದಿಂದ ಯಾರೋ ಕೂಗಿದರು. ಅವನ ಹೆಸರು ಅವಳಿಗೆ ಹಾಗೆ ಸಿಕ್ಕಿತು.

*

ಫಿಲಿಪೊ ಸತ್ತು ಮೂರು ವರ್ಷವಾಗಿತ್ತು. ಗಂಡ ಹೋದ ಈ ಮೂರು ವರ್ಷದಲ್ಲಿ ಅಕೆನೆಸೆ ಒಂದು ಸಲವೂ ತುಂಬು ನಿದ್ದೆ ಮಾಡಿರಲಿಲ್ಲ. ಐವತ್ತೆರಡರ ಮೈ ಕೆಲಸ ಮುಗಿಸಿ ದಿಮ್ಮಿಯಂತೆ ಬಿದ್ದುಕೊಳ್ಳುತ್ತಿತ್ತು. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ. ಮುಚ್ಚಿದರೂ ರೆಪ್ಪೆಯ ಹಿಂದೆ ಯಾರೋ ಕಾವಲು ಕೂತಂತೆ.

ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಮನೆಗಳ ಊರಿನಲ್ಲಿ ಇಂಥ ಗುಟ್ಟು ಉಳಿಯುವುದಿಲ್ಲ. ಕಂಬದಿಂದ ಕಂಬಕ್ಕೆ ಸುದ್ದಿ ಹೋಯಿತು. ನೆರೆಯವರು ಕಿತ್ತಳೆ ಎಲೆ ಕುದಿಸಿ ಕುಡಿಸಿದರು. ಮದ್ದಿನ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ನೆತ್ತಿ ತಿಕ್ಕಿದಳು. ಡಾಕ್ಟರು, "ಈ ವಯಸ್ಸಲ್ಲಿ ಹೆಂಗಸರಿಗೆ ಹೀಗಾಗುತ್ತೆ, ಚಿಂತೆ ಮಾಡ್ಬೇಡಿ" ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯನ್ನು ಅವಳು ನುಂಗಲಿಲ್ಲ. ನುಂಗಿದರೆ ನಿದ್ದೆ ಬಂದುಬಿಟ್ಟೀತು ಎಂಬ ಭಯ.

ಆ ಭಯ ಯಾಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಫಿಲಿಪೊಗೆ ಸಕ್ಕರೆ ಕಾಯಿಲೆ. ಒಂದು ಕಾಲು ತೆಗೆದಿದ್ದರು. ಎರಡು ವರ್ಷ ಅವಳೇ ಅವನ ಕಾಲಾಗಿದ್ದಳು. ಒಂದು ಭಾನುವಾರ ಚರ್ಚು ಮುಗಿಸಿ, ಕಲ್ಲೊಲೆಯಲ್ಲಿ ಬೆಂದ ಕೆಸುವಿನ ಗೆಡ್ಡೆ, ಮೀನು ತಿಂದು, ಇಡೀ ಊರು ಚಾಪೆಗೆ ಬಿದ್ದಿತ್ತು. ಮಟಮಟ ಮಧ್ಯಾಹ್ನ. "ಅಕೆನೆಸೆ, ನೀರು" ಎಂದು ಫಿಲಿಪೊ ಕರೆದ. ಅವಳಿಗೆ ಕೇಳಿಸಿತು. ಕೇಳಿಸಿಯೂ ಏಳಲಿಲ್ಲ. ಒಂದು ಗಳಿಗೆ ಎಂದುಕೊಂಡು ಮಗ್ಗುಲು ಬದಲಿಸಿದಳು. ಎಚ್ಚರವಾದಾಗ ಅವನು ನೀರಿನ ಕಡೆಗೆ ತೆವಳಿಕೊಂಡು ಹೋಗಿ, ಜಗಲಿಯ ಅಂಚಿನಿಂದ ಜಾರಿ, ಕೆಳಗಿನ ಕಲ್ಲಿಗೆ ತಲೆ ಬಡಿದು ಬಿದ್ದಿದ್ದ.

"ನಂಗೆ ಕೇಳಿಸ್ಲೇ ಇಲ್ಲ" ಎಂದಳು ಬಂದವರಿಗೆಲ್ಲ. ಜನ ನಂಬಿದರು. ದಣಿದ ಹೆಂಗಸು, ಪಾಪ. ಆಮೇಲೆ ಅವಳ ನಿದ್ದೆ ಬಿಟ್ಟುಹೋದದ್ದನ್ನು ಕಂಡು ಪಾದ್ರಿಗಳು ಪ್ರಸಂಗದಲ್ಲೇ ಹೇಳಿದರು: ಗಂಡನ ಮೇಲಿನ ಪ್ರೀತಿಗೆ ಕಣ್ಣು ಮುಚ್ಚದ ಹೆಂಡತಿ ನಮ್ಮ ನಡುವೆ ಇದ್ದಾಳೆ. ಎಲ್ಲರೂ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿದಳು. ಅದನ್ನೂ ಜನ ವಿನಯವೆಂದೇ ತಿಳಿದರು.

*

ಪಕ್ಕದ ದ್ವೀಪದ ಅಪಿಯಾ ಪೇಟೆಗೆ ಅವಳು ತಿಂಗಳಿಗೊಮ್ಮೆ ಬುಟ್ಟಿ, ಬೀಸಣಿಗೆ ಮಾರಲು ಹೋಗುತ್ತಿದ್ದವಳು. ಈಗ ವಾರಕ್ಕೆ ಎರಡು ಸಲ ಹೊರಟಳು. ಲಾಂಚಿನ ಕುಲುಕಾಟಕ್ಕೆ ನಿದ್ದೆ ಬರುತ್ತದೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು. ದಾಟುವುದು ಒಂದು ಗಂಟೆ ಚಿಲ್ಲರೆ. ಆ ಒಂದು ಗಂಟೆ ಅವಳು ತಾಯಿಯ ಬೆನ್ನಿನ ಮೇಲಿನ ಕೂಸಿನ ಹಾಗೆ ಮಲಗುತ್ತಿದ್ದಳು. ಎದ್ದ ಮೇಲೆ, ಕದ್ದು ತಿಂದು ಬಾಯಿ ಒರೆಸಿಕೊಂಡವಳಂತೆ ಅತ್ತಿತ್ತ ನೋಡುತ್ತಿದ್ದಳು.

ಪೆತೆಲೊ ಲಾರಿಗಳ ಚಕ್ರಕ್ಕೆ ಮರದ ಅಡ್ಡಗಟ್ಟೆ ಇಟ್ಟು, ಸರಪಳಿ ಬಿಗಿದು ಮೇಲೆ ಬರುತ್ತಿದ್ದ. ಅವಳ ಚಾಪೆಯಿಂದ ಮೂರು ಮಾರು ದೂರದಲ್ಲಿ ಕಂಬಿಗೆ ಒರಗಿ ನಿಲ್ಲುತ್ತಿದ್ದ. ಅವಳನ್ನು ನೋಡುತ್ತಿರಲಿಲ್ಲ, ಸಮುದ್ರ ನೋಡುತ್ತಿದ್ದ. ಅಷ್ಟು ವರ್ಷದಿಂದ ನೋಡಿದ ಅದೇ ಸಮುದ್ರದಲ್ಲಿ ಇವತ್ತೇನೋ ಹೊಸದು ಕಂಡವನ ಹಾಗೆ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ ಒಂದು ದಿನ. "ಆ ಕೆಂಪಂಚಿನ ಬುಟ್ಟಿ ಈ ತಿಂಗಳಲ್ಲಿ ಎಂಟನೇ ಸಲ ಸಮುದ್ರ ದಾಟ್ತಿದೆ. ಅದಕ್ಕೂ ಒಂದು ಟಿಕೆಟ್ ಮಾಡಿಸ್ಬಾರ್ದಾ?"

"ಗಿರಾಕಿ ಸಿಗ್ಲಿಲ್ಲ."

"ಮಾರುಕಟ್ಟೆಗೆ ಹೋದ್ರಲ್ವಾ ಗಿರಾಕಿ ಸಿಗೋದು? ಬಂದಿಳಿದು ದಡದ ಬೆಂಚಲ್ಲೇ ಕೂತು ಮುಂದಿನ ಲಾಂಚು ಹತ್ತಿದ್ರೆ, ಮೀನು ಬಂದು ಕೊಳ್ಬೇಕು."

ಅವಳು ಸಿಕ್ಕಿಬಿದ್ದವಳಂತೆ ಅವನ ಮುಖ ನೋಡಿದಳು. ಅವನ ಕಣ್ಣಿನಲ್ಲಿ ಗೇಲಿಯಿತ್ತು. ಗೇಲಿಯ ಕೆಳಗೆ ಇನ್ನೊಂದಿತ್ತು, ಒಲೆಯ ಬೂದಿಯಡಿ ಕೆಂಡದ ಹಾಗೆ. ಅವಳು ಥಟ್ಟನೆ ಕಣ್ಣು ತಗ್ಗಿಸಿ ಬುಟ್ಟಿಯ ಅಂಚನ್ನು ಸರಿಮಾಡಿದಳು. ಅಂಚು ಸರಿಯಾಗಿಯೇ ಇತ್ತು.

"ಎಷ್ಟು ಬುಟ್ಟಿಗೆ?" ಎಂದ.

"ಯಾಕೆ?"

"ನಾನೇ ತಗೋತೀನಿ. ಆದ್ರೆ ನೀವು ಬರೋದು ನಿಲ್ಲಿಸ್ಬಾರ್ದು. ಬೇರೆ ಬುಟ್ಟಿ ತನ್ನಿ."

ಮುಂದಿನ ಮಂಗಳವಾರ ಲಾಂಚಿನಲ್ಲಿ ಅವನಿರಲಿಲ್ಲ. ತಂಗಿಯ ಊರಿಗೆ ಹೋಗಿದ್ದನಂತೆ. ಅದೇ ಇಂಜಿನು, ಅದೇ ಕುಲುಕಾಟ, ಅದೇ ಚಾಪೆ. ಅಕೆನೆಸೆ ಹೋಗುವಾಗಲೂ ಬರುವಾಗಲೂ ಮಾಡಿನ ತಗಡನ್ನು ನೋಡುತ್ತ ಮಲಗಿದ್ದಳು. ರೆಪ್ಪೆಗೆ ರೆಪ್ಪೆ ಕೂಡಲಿಲ್ಲ.

ಆಗ ಅರ್ಥವಾಯಿತು. ನಿದ್ದೆ ಕೊಡುತ್ತಿದ್ದದ್ದು ಲಾಂಚಲ್ಲ. ಮೂರು ಮಾರು ದೂರದಲ್ಲಿ ಯಾರೋ ಎದ್ದು ನಿಂತಿದ್ದಾರೆ, ಯಾರಾದರೂ ಕರೆದರೆ ಅವರು ಓಗೊಡುತ್ತಾರೆ ಎಂಬ ಧೈರ್ಯ. ಅರ್ಥವಾದೊಡನೆ ಅವಳಿಗೆ ಸಂತೋಷವಾಗಲಿಲ್ಲ. ಗಂಡ ಕರೆದಾಗ ಏಳದವಳು ಇನ್ನೊಬ್ಬ ಗಂಡಸಿನ ಕಾವಲಲ್ಲಿ ಸುಖವಾಗಿ ಮಲಗುತ್ತಿದ್ದೇನೆ ಎಂದು ಅವಳ ಬಾಯೆಲ್ಲ ಕಹಿಯಾಯಿತು.

*

ಅತ್ತಿಗೆ ಲೆಪೆಕಾ ಫಿಲಿಪೊನ ಅಕ್ಕ. ಪಕ್ಕದ ಸೂರಿನಡಿಯಲ್ಲೇ ಅವಳ ವಾಸ. ಅರವತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು. ತಮ್ಮ ಸತ್ತ ವರ್ಷ ಅವನ ಹೆಸರಿನಲ್ಲಿ ಅವಳೊಂದು ನಯದ ಚಾಪೆ ನೇಯಲು ಹಿಡಿದಿದ್ದಳು. ಮಲಗುವ ಚಾಪೆಯಲ್ಲ; ಮದುವೆಯಲ್ಲಿ, ಸಾವಿನಲ್ಲಿ ಮರ್ಯಾದೆಗೆಂದು ಕೊಡುವಂಥದು. ಕೇದಗೆ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ ನೇಯುತ್ತ ಮೂರು ವರ್ಷ ಕಳೆದಿದ್ದಳು. ಇನ್ನು ಒಂದು ಗೇಣು ಬಾಕಿ.

"ಏನೇ, ಅಪಿಯಾದೋರಿಗೆ ಅಷ್ಟೊಂದು ಬುಟ್ಟಿ ಬೇಕಾ?" ಎಂದಳು, ಚಾಪೆಯಿಂದ ಕಣ್ಣೆತ್ತದೆ.

"ಹಬ್ಬ ಹತ್ರ ಬಂತಲ್ಲ ಅಕ್ಕಾ."

"ಯಾವ ಹಬ್ಬ? ಬೂಟು ಹಾಕ್ಕೊಂಡು ಹಗ್ಗ ಎಳೆಯೋ ಹಬ್ಬನಾ?"

ಅಕೆನೆಸೆ ಕೈಯಲ್ಲಿದ್ದ ಕೋಕೋ ಲೋಟವನ್ನು ಕೆಳಗಿಟ್ಟಳು.

"ಹೆದರ್ಬೇಡ ಮಾರಾಯ್ತಿ. ಆ ಪೆತೆಲೊನ ಬಗ್ಗೆ ವಿಚಾರಿಸಿದ್ದೀನಿ. ಹೆಂಡ್ತಿ ತೀರ್ಕೊಂಡು ಒಂಬತ್ತು ವರ್ಷ ಆಯ್ತಂತೆ. ಕುಡಿಯಲ್ಲ. ಚರ್ಚಲ್ಲಿ ಹಾಡ್ತಾನಂತೆ, ಸ್ವಲ್ಪ ಅಪಸ್ವರ." ಲೆಪೆಕಾ ಈಗ ತಲೆಯೆತ್ತಿದಳು. ಹಾಸ್ಯ ಮಾಡುತ್ತಿದ್ದ ಮುಖ ಮೆತ್ತಗಾಗಿತ್ತು. "ಇಡೀ ಸಮೋವಾದಲ್ಲಿ ನಿದ್ದೆ ಇಲ್ದೆ ಇರೋ ಹೆಂಗಸು ನೀನೊಬ್ಳೇ ಇರ್ಬೇಕು. ನನ್ ತಮ್ಮನಿಗೋಸ್ಕರ ಮೂರು ವರ್ಷ ಎಚ್ಚರ ಇದ್ದೆ. ಸಾಕು. ಈ ಚಾಪೆ ನಿನ್ನ ಮದುವೆಗೆ ನಾನೇ ತಂದು ಹಾಸ್ತೀನಿ. ಅವನ ಹೆಸರಿಂದು ಅವನ ಹೆಂಡ್ತಿಗೇ ಸೇರ್ಲಿ."

ಬೈದಿದ್ದರೆ ಅಕೆನೆಸೆ ತಡೆದುಕೊಳ್ಳುತ್ತಿದ್ದಳು. ಒಂದು ಪೆಟ್ಟು ಕೊಟ್ಟಿದ್ದರೂ ಸರಿ. ಆ ಮಾತು ಮಾತ್ರ ಅವಳನ್ನು ಸುಟ್ಟಿತು. ಮೂರು ವರ್ಷದ ನೇಯ್ಗೆ, ಎಳೆ ಎಳೆಯೂ ಒಂದು ಸುಳ್ಳಿನ ಮೇಲೆ. ಕೋಕೋ ಹಾಗೇ ಆರಿತು.

*

ಗುರುವಾರ ಲಾಂಚಿನಲ್ಲಿ ಅವಳು ಚಾಪೆ ಬಿಡಿಸಲಿಲ್ಲ. ಕಂಬಿಯ ಪಕ್ಕ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಪೆತೆಲೊ ಸರಪಳಿ ಬಿಗಿದು ಮೇಲೆ ಬಂದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಅಂಗಿಗೆ ಇಸ್ತ್ರಿಯಾಗಿತ್ತು. ಇಸ್ತ್ರಿ ಅಂಗಿಯಲ್ಲಿ ಅವನು ಶಾಲೆಯ ಮೊದಲ ದಿನದ ಹುಡುಗನಂತೆ ಕಾಣುತ್ತಿದ್ದ. ಅವಳಿಗೆ ಅಂತಃಕರಣ ಉಕ್ಕಿತು, ಜೊತೆಗೇ ಎದೆ ಕುಸಿಯಿತು.

"ಇವತ್ತು ಮಲಗಲ್ವಾ?"

"ಇಲ್ಲ."

"ಒಳ್ಳೇದಾಯ್ತು. ಗೊರಕೆ ಮಧ್ಯೆ ಈ ಮಾತು ಕೇಳೋದು ಹೆಂಗೆ ಅಂತ ಯೋಚ್ನೆ ಮಾಡ್ತಿದ್ದೆ." ಅವನು ಬೆಂಚಿನ ತುದಿಯಲ್ಲಿ ಕುಳಿತ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟ. ಗ್ರೀಸು ಹೋಗುವಂತೆ ತಿಕ್ಕಿ ತೊಳೆದ ಬೆರಳುಗಳನ್ನು ಮಂಡಿಯ ಮೇಲಿಟ್ಟುಕೊಂಡ. "ನಂಗೆ ಐವತ್ತೇಳು. ಚಿಕ್ಕ ಮನೆ ಇದೆ, ಜೀಗುಜ್ಜೆ ಮರ ಎರಡಿದೆ. ನೀನು ಬಂದ್ರೆ..." ನಿಲ್ಲಿಸಿದ. ನೀವು ಹೋಗಿ ನೀನು ಆದದ್ದು ಇಬ್ಬರಿಗೂ ಕೇಳಿಸಿತ್ತು. "ನಿನ್ನ ವಿಷಯ ಎಲ್ಲ ಲೆಪೆಕಾ ಅಕ್ಕನಿಂದ ಗೊತ್ತಾಯ್ತು. ಗಂಡನಿಗಾಗಿ ಮೂರು ವರ್ಷ ಕಣ್ಣು ಮುಚ್ಚದೋಳು ನನ್ನ ಲಾಂಚಲ್ಲಿ ನಿದ್ದೆ ಮಾಡ್ತಾಳೆ ಅಂದ್ರೆ, ಅದಕ್ಕಿಂತ ದೊಡ್ಡ ಮರ್ಯಾದೆ ನಂಗೆ ಯಾರು ಕೊಟ್ಟಿದ್ದಾರೆ?"

ಅಕೆನೆಸೆ ಕಂಬಿ ಹಿಡಿದುಕೊಂಡಳು. ಸುಮ್ಮನಿದ್ದರೆ ಎಲ್ಲವೂ ಸಿಗುತ್ತಿತ್ತು: ಜೀಗುಜ್ಜೆ ಮರ, ತೊಳೆದ ಈ ಬೆರಳುಗಳು, ನಿದ್ದೆ. ಬಾಯಿ ಬಿಟ್ಟರೆ ಬಹುಶಃ ಒಂದೂ ಇಲ್ಲ.

"ನಂಗೆ ಕೇಳಿಸಿತ್ತು," ಎಂದಳು.

"ಏನು?"

"ಫಿಲಿಪೊ ನೀರು ಕೇಳಿದ್ದು. ಕೇಳಿಸ್ಲಿಲ್ಲ ಅಂತ ಊರಿಗೆಲ್ಲ ಹೇಳಿದೆ. ಕೇಳಿಸಿತ್ತು. ಏಳ್ಲಿಲ್ಲ." ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. "ಸುಸ್ತಾಗಿತ್ತು ಅಂತಲ್ಲ, ಸುಸ್ತು ದಿನಾ ಇರ್ತಿತ್ತು. ಅವತ್ತು ಸಿಟ್ಟು ಬಂತು. ಒಂದ್ಸಲ, ಒಂದೇ ಒಂದ್ಸಲ ಇವನು ನನ್ನ ಕರೀದೆ ಇರ್ಲಿ ಅಂತ ಅನ್ನಿಸ್ತು. ಆಮೇಲೆ ನಿದ್ದೆ ಬಂತು ಪೆತೆಲೊ. ಅಷ್ಟು ಸಿಹಿಯಾದ ನಿದ್ದೆ ನಾನು ಹುಟ್ಟಿದ ಮೇಲೆ ಮಾಡಿರ್ಲಿಲ್ಲ. ನಾನು ಆ ಸುಖದಲ್ಲಿರೋವಾಗ ಅವನು ನೀರಿಗೆ ತೆವಳ್ತಿದ್ದ."

ಅವನ ಮುಖದ ಮೇಲಿದ್ದ ನಗು ಎಲ್ಲಿಗೋ ಹೋಗಿತ್ತು. ಲಾಂಚು ಸದ್ದು ಮಾಡಿ ನಿಧಾನವಾಯಿತು. ದಡ ಬಂತು. ಕೆಳಗಿನಿಂದ ಅವನ ಹೆಸರು ಕೂಗಿದರು. ಅವನು ಎದ್ದು, ಅವಳ ಕಡೆ ನೋಡದೆ ಮೆಟ್ಟಿಲಿಳಿದು ಹೋದ.

ಸರಪಳಿ ಬಿಚ್ಚುವ ಸದ್ದು. ಮುಂಬಾಗಿಲು ಕೆಳಗಿಳಿದ ಸದ್ದು. ಒಂದು ಬಸ್ಸು, ಎರಡು ಲಾರಿ, ಹಂದಿಮರಿಗಳ ಒಂದು ಪಿಕಪ್ಪು. ಜನ ಚಾಪೆ ಸುತ್ತಿಕೊಂಡು ಇಳಿದರು. ಅಕೆನೆಸೆ ಕೂತೇ ಇದ್ದಳು. ಮೂರು ವರ್ಷದಿಂದ ಕಾಯುತ್ತಿದ್ದ ಶಿಕ್ಷೆ ಕೊನೆಗೂ ಬಂತು. ಅದು ಇಷ್ಟು ನೋಯುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಬೂಟಿನ ಸದ್ದು ಮೆಟ್ಟಿಲು ಹತ್ತಿ ಬಂತು. ಇಸ್ತ್ರಿ ಅಂಗಿಯ ಎದೆಗೆ ಉದ್ದಕ್ಕೆ ಗ್ರೀಸು ಬಳಿದಿತ್ತು. ಅವನು ಮೊದಲು ಕೂತಲ್ಲೇ ಕೂತ.

"ಲೆಪೆಕಾ ಅಕ್ಕನಿಗೆ ಗೊತ್ತಾ?"

"ಇಲ್ಲ. ಹೇಳ್ಬೇಕು. ಆ ಚಾಪೆ ಮುಗಿಯೋದ್ರೊಳಗೆ."

"ಜೊತೆಗೆ ಬರ್ಲಾ?"

"ಬೇಡ. ಅದು ನಾನೇ ಮಾಡ್ಬೇಕಾದ್ದು."

"ಅವಳು ಮನೆ ಬಿಟ್ಟು ಹೋಗು ಅಂದ್ರೆ?"

"ಅಂದ್ರೆ ಅವಳು ಅಂದಿದ್ದು ಸರಿ."

ಅವನು ತಿರುಗಿ ಅವಳ ಕಣ್ಣನ್ನೇ ನೇರವಾಗಿ ನೋಡಿದ. ಗೇಲಿ ಇರಲಿಲ್ಲ. ಅದರಡಿಯ ಕೆಂಡ ಅಲ್ಲೇ ಇತ್ತು, ತೆರೆದುಕೊಂಡು.

"ನನ್ ಹೆಂಡ್ತಿ ಹೋಗೋವಾಗ ನಾನು ಈ ಲಾಂಚಲ್ಲಿದ್ದೆ. ಬೆಳಗ್ಗೆ ರಜೆ ಹಾಕು ಅಂದಿದ್ಲು. ಹಾಕ್ಲಿಲ್ಲ." ಆಮೇಲೆ ಕೇಳಿದ, "ನಾಳೆ ನಾನು ಮುದುಕನಾಗಿ ಮೂಲೆ ಸೇರಿ ನಿನ್ನ ಕರೆದ್ರೆ, ಏಳ್ತೀಯಾ?"

ಏಳುತ್ತೇನೆ ಎನ್ನುವುದು ಸುಲಭವಿತ್ತು. ಅಕೆನೆಸೆ ನಿಜವಾಗಿ ಯೋಚಿಸಿದಳು.

"ಗೊತ್ತಿಲ್ಲ," ಎಂದಳು.

ಅವನು ತಲೆಯಾಡಿಸಿದ, ಬೇಕಾದ ಉತ್ತರವೇ ಸಿಕ್ಕಿತೆಂಬಂತೆ. "ಹಂಗಾದ್ರೆ ಎರಡು ಸಲ ಕರೀತೀನಿ."

ಅವಳು ಚಾಪೆಯನ್ನು ಕಂಕುಳಿಗೆ ಸೇರಿಸಿ ಎದ್ದಳು. ವಾಪಸು ಹೋಗುವ ಜನ ಆಗಲೇ ಕೆಳಗೆ ಹತ್ತುತ್ತಿದ್ದರು. ಕಣ್ಣು ತುಂಬಿ ಮೆಟ್ಟಿಲು ಕಾಣುತ್ತಿರಲಿಲ್ಲ. ಎರಡು ಹೆಜ್ಜೆ ನಡೆದು, ತಿರುಗಿ ನೋಡದೆ ನಿಂತಳು.

"ಮೂರು ಸಲ ಕರಿ," ಎಂದಳು. "ನಂಗೆ ತುಂಬಾ ಸುಸ್ತಾಗಿದೆ."